ಹೊಳೆಯಾಚೆಯ ಹಳೆಯ ಮೊಹಲ್ಲಾ



ಗಂಗಾವತಿಯಿಂದ ಆನೆಗುಂದಿಗೆ ಹೋಗಿ ಹೊಳೆ ದಂಡೆಯಲ್ಲಿ ನಿಂತರೆ ಆಚೆ ಕಾಣುವುದೇ ತಳವಾರಘಟ್ಟ. ವಿಜಯನಗರದ ಕಾಲದಲ್ಲಿ ನಮ್ಮ ಸೀಮೆಯ ಜನ ರಾಜಧಾನಿಗೆ ಹೋಗುತ್ತಿದ್ದ ದಾರಿ ಇದು. ಚರ್ಮ ಹೊದಿಸಿದ ಬುಟ್ಟಿಯಂತಹ ಹರಿಗೋಲುಗಳಲ್ಲಿ ಜನರಷ್ಟೇ ಅಲ್ಲ, ಎತ್ತು ಕುದುರೆಗಳೂ ನದಿ ದಾಟುತ್ತಿದ್ದವೆಂದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಬರೆದಿದ್ದಾನೆ. ಘಟ್ಟದಿಂದ ಕಮಲಾಪುರದ ಕಡೆಗೆ ಸಾಗುವ ದಾರಿಯಲ್ಲಿ ಮುಸ್ಲಿಮರ ಒಂದು ಮೊಹಲ್ಲಾ ಇತ್ತು.

ಇಂದು ಅಲ್ಲಿ ಮನೆಗಳಿಲ್ಲ. ಒಂದು ಮಸೀದಿ, ಅದರ ಬಳಿ ಗುಮ್ಮಟವಿರುವ ಗೋರಿ ಉಳಿದಿವೆ. ಮಸೀದಿಗೆ ಗುಮ್ಮಟವಿಲ್ಲ, ಮಿನಾರವಿಲ್ಲ. ಕಂಬ, ತೊಲೆಗಳ ಮೇಲೆ ನಿಂತ ಕಲ್ಲಿನ ಮಂಟಪವದು. ಪಶ್ಚಿಮದ ಗೋಡೆಯಲ್ಲಿರುವ ಮಿಹ್ರಾಬ್ ನೋಡಿದಾಗಲೇ ಇದು ಅಲ್ಲಾಹನ ಮನೆಯೆಂದು ತಿಳಿಯುತ್ತದೆ. ದೊರೆ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಇದನ್ನು ಕಟ್ಟಿಸಿದರು. ಅಲ್ಲಿಯ ಶಾಸನ ಕನ್ನಡದಲ್ಲಿದೆ. ಅದರಲ್ಲಿ ಈ ಕಟ್ಟಡದ ಹೆಸರು 'ಧರ್ಮಶಾಲೆ'. ಜೊತೆಗೊಂದು ಬಾವಿಯನ್ನೂ ತೋಡಿಸಿ, ಅದರ ಪುಣ್ಯ ದೊರೆಗೆ ಸಲ್ಲಲಿ ಎಂದರು. ನೀರಿನ ಸದಕಾ ಜಾರಿಯಾ ಏನೆಂದು ಬಲ್ಲವರಿಗೆ ಆ ಬಾವಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ದೊರೆಯೂ ಅದೇ ದೊಡ್ಡ ಮನಸ್ಸಿನವನು. ತನ್ನ ಮುಸ್ಲಿಮ್ ಸೈನಿಕರ ಆರಾಧನೆಗೆ ಯಾರೂ ಅಡ್ಡಿಪಡಿಸಬಾರದೆಂದು ಅಪ್ಪಣೆ ಮಾಡಿದ. ಅವರು ತಮ್ಮ ನಂಬಿಕೆಗೆ ಭಂಗವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ್ದನೆಂದು ಇತಿಹಾಸಕಾರ ಫೆರಿಸ್ತಾ ದಾಖಲಿಸಿದ್ದಾರೆ.

ನಗರದ ತುದಿಯಲ್ಲಿ ತಾನು ಕಂಡ ಮುಸ್ಲಿಮರ ಕೇರಿಯ ಬಗ್ಗೆ ಪಯಸ್ ಇನ್ನೊಂದು ಮಾತು ಹೇಳುತ್ತಾನೆ: ಅವರಲ್ಲಿ ಅನೇಕರು ಈ ನಾಡಿನಲ್ಲೇ ಹುಟ್ಟಿದವರು, ರಾಜನಿಂದ ಸಂಬಳ ಪಡೆದು ಅವನ ಕಾವಲಿಗೆ ನಿಂತವರು. 'ನೀವು ಎಲ್ಲಿಂದ ಬಂದವರು?' ಎಂಬ ಪ್ರಶ್ನೆ ನಮ್ಮ ಮಕ್ಕಳ ಕಿವಿಗೆ ಇಂದಿಗೂ ಬೀಳುತ್ತದೆ. ಉತ್ತರ ಐನೂರು ವರ್ಷಗಳ ಹಿಂದೆಯೇ ಬರೆಯಲ್ಪಟ್ಟಿದೆ.

1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಬಾಜಾರು, ಅರಮನೆಗಳ ಜೊತೆಗೇ ಈ ಮೊಹಲ್ಲಾವೂ ಬರಿದಾಯಿತು. ಅದನ್ನು ಬರೀ ಹಿಂದೂ ಮುಸ್ಲಿಮ್ ಕಾಳಗವೆಂದು ಹೇಳುವವರ ಲೆಕ್ಕದಲ್ಲಿ ಅಹ್ಮದ್ ಖಾನರಿಗೆ ಜಾಗವಿಲ್ಲ. ಕಲ್ಲಿನ ಲೆಕ್ಕದಲ್ಲಿ ಇದೆ.

ಹಂಪಿ ನೋಡಲು ಹೋದಾಗ ಮಕ್ಕಳನ್ನು ಇಲ್ಲಿಗೂ ಕರೆದೊಯ್ಯೋಣ. ನಮ್ಮೂರಿನ ಹಳೆಯ ಮಸೀದಿ, ದರ್ಗಾ, ಬಾವಿಗಳಲ್ಲಿ ಬರಹದ ಕಲ್ಲಿದ್ದರೆ ಅದಕ್ಕೆ ಸುಣ್ಣ, ಬಣ್ಣ ಬಳಿಯದಿರೋಣ. ಬಲ್ಲವರಿಂದ ಓದಿಸಿ, ಬರೆದಿಡೋಣ. ಅಹ್ಮದ್ ಖಾನರ ಹೆಸರು ನಮಗೆ ತಲುಪಿದ್ದು ಅಂಥದ್ದೊಂದು ಕಲ್ಲು ಉಳಿದದ್ದರಿಂದಲೇ.