ತರಗು ಬೆಂಕಿ ಮತ್ತು ಬಿಳಿಗಿರಿಯ ಕಾಡು

ಆದಿವಾಸಿಗಳ ಅರಿವೆಂದರೆ ಸಾವಿರಾರು ವರ್ಷಗಳಿಂದ ಬದಲಾಗದೆ ಉಳಿದುಬಂದ ಒಂದು ನಿಧಿ ಎಂದು ಭಾವಿಸುವವರೇ ಹೆಚ್ಚು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಇತಿಹಾಸವನ್ನು ಗಮನಿಸಿದರೆ ಈ ಭಾವನೆ ನಿಲ್ಲಲಾರದು.

ಹಿಂದೆ ಸೋಲಿಗರು ಬೇಸಿಗೆಯ ಆರಂಭದಲ್ಲಿಯೇ ಕಾಡಿನ ತರಗೆಲೆಗೆ ಕಿಚ್ಚಿಡುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು 'ತರಗು ಬೆಂಕಿ'. ನೆಲದಲ್ಲಿ ತೇವವಿನ್ನೂ ಉಳಿದಿರುವಾಗ ಹೊತ್ತಿಸಿದ ಈ ಬೆಂಕಿ ಮೊಣಕಾಲೆತ್ತರವನ್ನು ಮೀರದೆ, ಒಣಗಿದ ಎಲೆ ಹುಲ್ಲುಗಳನ್ನಷ್ಟೇ ಸುಟ್ಟು ಆರುತ್ತಿತ್ತು. ದೊಡ್ಡ ಮರಗಳಿಗೆ ಅಪಾಯವಿರಲಿಲ್ಲ. ಹೊಸ ಹುಲ್ಲು ಚಿಗುರುತ್ತಿತ್ತು. ಗೆಡ್ಡೆಗೆಣಸು ಅಗೆಯಲು ದಾರಿ ಕಾಣುತ್ತಿತ್ತು. ಬೆಂಕಿಯನ್ನು ಕಾಡಿನ ಶತ್ರುವೆಂದು ಪಠ್ಯಪುಸ್ತಕದಲ್ಲಿ ಓದಿ ಬೆಳೆದ ನಮಗೆ ಇದು ವಿಚಿತ್ರವೆನಿಸುವುದು ಸಹಜ.

1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವಾಯಿತು. ಕುಮರಿ ಬೇಸಾಯ ನಿಂತು, ಸೋಲಿಗರು ಪೋಡುಗಳಲ್ಲಿ ಸ್ಥಿರವಾಗಿ ನೆಲೆಸಬೇಕಾಯಿತು. ತರಗು ಬೆಂಕಿಯೂ ನಿಷಿದ್ಧವಾಯಿತು. ಆಮೇಲೆ ನಡೆದದ್ದು ಕುತೂಹಲಕರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಅಮೆರಿಕ ಮೂಲದ ಲಂಟಾನ, ಬೆಟ್ಟವನ್ನು ಆವರಿಸತೊಡಗಿತು. ಇಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ 1997ರಲ್ಲಿ ಐದರಲ್ಲಿ ಸುಮಾರು ಎರಡು ತಾಣಗಳಲ್ಲಿದ್ದ ಈ ಗಿಡ 2008ರ ಹೊತ್ತಿಗೆ ಐದರಲ್ಲಿ ನಾಲ್ಕರಲ್ಲಿ ಕಂಡಿತು. ಅದರ ಪೊದೆಯಡಿ ಎಳೆಯ ಸಸಿಗಳಿಗೆ ಬಿಸಿಲು ಸಿಗುವುದಿಲ್ಲ. ನೆಲ್ಲಿಮರಗಳ ಮೇಲೆ ಬಂದಳಿಕೆಯೂ ಹೆಚ್ಚಿತು. ಸೋಲಿಗರು ಇದನ್ನು 'ಉಪ್ಪಿಲು' ಎನ್ನುತ್ತಾರೆ. ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂಬುದು ಹಿರಿಯ ಸೋಲಿಗರ ವಾದ. ವಿಜ್ಞಾನಿಗಳು ಮೊದಮೊದಲು ಅನುಮಾನಿಸಿದರೂ ಬಳಿಕ ಈ ಮಾತನ್ನು ಗಂಭೀರವಾಗಿ ಪರಿಶೀಲಿಸತೊಡಗಿದರು. ಅನುಭವಸ್ಥರ ಮಾತಿಗೆ ಇಷ್ಟು ತಡವಾಗಿ ಕಿವಿಗೊಟ್ಟದ್ದು ನನಗಂತೂ ಸರಿಯೆನಿಸದು.

ಹಾಗೆಂದು ನಾಳೆಯೇ ಕಿಚ್ಚಿಡೋಣ ಎನ್ನುವಂತಿಲ್ಲ. ತರಗು ಬೆಂಕಿಯ ಅರಿವು ಲಂಟಾನ ದಟ್ಟವಾಗಿರದ ಕಾಡಿನಲ್ಲಿ ರೂಪುಗೊಂಡದ್ದು. ಇಂದು ಅದೇ ಬೆಂಕಿ ಒಣಗಿದ ಲಂಟಾನದ ಕೊಂಬೆಗಳನ್ನೇರಿ ಮರದ ತುದಿ ಮುಟ್ಟಬಹುದು. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ ಕೂಡ. ಕಾಡು ಬದಲಾಗಿದೆ, ಅರಿವೂ ಬದಲಾಗಬೇಕಾಗಿದೆ. ಬದಲಾಗುತ್ತಲೂ ಇದೆ: ಪಕ್ಕದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು, ಬಿದಿರಿನಿಂದ ಮಾಡುತ್ತಿದ್ದ ಹೆಣಿಗೆಯ ಕೆಲಸವನ್ನು ಲಂಟಾನಕ್ಕೆ ಹೊಂದಿಸಿಕೊಂಡು, ಅದರ ಕಡ್ಡಿಗಳನ್ನು ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ ಬುಟ್ಟಿಗಳನ್ನು ಮಾಡುತ್ತಿದ್ದಾರೆ.

2011ರಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಜೇನು, ನೆಲ್ಲಿ ಸಂಗ್ರಹಿಸುವ ಹಕ್ಕಿಗೆ ಮನ್ನಣೆ ಸಿಕ್ಕಿತು. ಬೆಂಕಿಗೆ ಮಾತ್ರ ಅವಕಾಶವಿಲ್ಲ. ಯಾವ ತಿಂಗಳು, ಯಾವ ಗಾಳಿಗೆ, ಇಳಿಜಾರಿನ ಯಾವ ಬದಿಯಿಂದ ಹೊತ್ತಿಸಬೇಕೆಂಬುದು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. 1974ರಲ್ಲಿ ತಂದೆಯ ಹಿಂದೆ ನಡೆದು ಅದನ್ನು ಕಂಡ ಹತ್ತು ವರ್ಷದ ಹುಡುಗನಿಗೆ ಈಗ ಅರವತ್ತು ದಾಟಿದೆ. ಅವನ ಮೊಮ್ಮಕ್ಕಳು ಆ ಬೆಂಕಿಯನ್ನು ನೋಡಿಯೇ ಇಲ್ಲ.