ಗುಟೆನ್‌ಬರ್ಗನಿಗೆ ಬಗ್ಗದ ಹೈದರಾಬಾದು

ಗುಟೆನ್‌ಬರ್ಗನ ಸೀಸದ ಅಚ್ಚುಮೊಳೆ ಕನ್ನಡವನ್ನೂ ತೆಲುಗನ್ನೂ ಗೆದ್ದುಕೊಂಡು ನೂರು ವರ್ಷ ಕಳೆದ ಮೇಲೂ ಹೈದರಾಬಾದಿನ ಉರ್ದು ಪತ್ರಿಕೆಗಳು ಕೈಬರಹದಲ್ಲೇ ಹೊರಡುತ್ತಿದ್ದವು. ಅದಕ್ಕೆ ಲಿಪಿಯ ಒಳಗೇ ಕಾರಣವಿತ್ತು. ಉರ್ದುವಿನ ನಸ್ತಾಲೀಖ್ ಬರಹದಲ್ಲಿ ಪದ ಬಲಗಡೆ ಮೇಲಿನಿಂದ ಎಡಕ್ಕೆ ಜಾರುತ್ತ ಇಳಿಯುತ್ತದೆ. ಅಕ್ಕಪಕ್ಕದ ಅಕ್ಷರ ಯಾವುದು ಎಂಬುದರ ಮೇಲೆ ಒಂದೇ ಅಕ್ಷರದ ರೂಪ ಬದಲಾಗುತ್ತದೆ. ಅದನ್ನು ಎರಕ ಹೊಯ್ಯಬೇಕೆಂದರೆ ಸಾವಿರಾರು ಮೊಳೆ ಬೇಕು. ಅರಬ್ಬಿಯ ನಸ್ಖ್ ನೇರ ಸಾಲಿನಲ್ಲಿ ಕೂರುವುದರಿಂದ ಮೊಳೆಗೆ ಒಗ್ಗಿತು, ಆದರೆ ಉರ್ದು ಓದುಗರಿಗೆ ಹಿಡಿಸಲಿಲ್ಲ. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿ, ಅನುವಾದ ಸಂಸ್ಥೆಯಾದ ದಾರುಲ್ ತರ್ಜುಮಾದಲ್ಲಿ ಪಠ್ಯಗಳ ಅನುವಾದ ಭರದಿಂದ ಸಾಗಿತ್ತು. ಉರ್ದುವಿನಲ್ಲಿ ಇಷ್ಟೆಲ್ಲ ಅಚ್ಚಾಗಬೇಕಿದ್ದಾಗ ನಸ್ತಾಲೀಖನ್ನು ಯಂತ್ರಕ್ಕೆ ಇಳಿಸಲು ನಿಜಾಮ್ ಸರಕಾರವೂ ಕೈಹಾಕಿ ಸೋತಿತು. ದುಡ್ಡಿಗೇನೂ ಕೊರತೆಯಿಲ್ಲದ ಸಂಸ್ಥಾನ ಅದು.

ಕೈಯಲ್ಲಿ ಬರೆಯುವ ಲಿಪಿಕಾರ, ಅಂದರೆ ಕಾತಿಬ್, ಉಳಿದದ್ದು ಹೀಗೆ. ಅವನು ಜೊಂಡಿನ ಕಲಮನ್ನು ಜಿಡ್ಡಿನ ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಬರೆಯುತ್ತಿದ್ದ. ಆ ಬರಹ ಕಲ್ಲಚ್ಚಿನ ಕಲ್ಲಿಗೆ ಇಳಿಯುತ್ತಿತ್ತು. ತಪ್ಪು ಕಂಡರೆ ಕಲ್ಲು ತಿದ್ದುವ ಸಂಗ್‌ಸಾಜ್ ಕಲ್ಲಿನ ಮೇಲೆಯೇ ಕೆರೆದು, ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ತಿದ್ದಬೇಕಿತ್ತು. ಕಲ್ಲಚ್ಚು ಹೋಗಿ ಆಫ್‌ಸೆಟ್ ಬಂದಾಗಲೂ ಕಾತಿಬ್ ಜಾಗ ಬಿಡಲಿಲ್ಲ. ಅವನ ಪುಟದ ಫೋಟೊ ತೆಗೆದು ಪ್ಲೇಟು ಮಾಡಿದರೆ ಸಾಕಾಗಿತ್ತು. ಯಂತ್ರ ಎರಡು ತಲೆಮಾರು ಬದಲಾದರೂ ಬರೆಯುವ ಕೈ ಬದಲಾಗಲಿಲ್ಲ. ಇದನ್ನು ಹಟ ಎನ್ನಲಾರೆ. ಹಳೆಯ ಸಾಧನ ಮಾಡುತ್ತಿದ್ದ ಕೆಲಸವನ್ನು ಹೊಸದು ಇನ್ನೂ ಮಾಡುತ್ತಿರಲಿಲ್ಲ, ಅಷ್ಟೆ. 1981ರಲ್ಲಿ ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ ಹೆಚ್ಚುಕಡಿಮೆ 20,000 ಕೂಡಕ್ಷರಗಳನ್ನು ಕೈಯಾರೆ ಬರೆದು, ಮೊನೊಟೈಪ್ ಕಂಪನಿಯ ಜೊತೆಗೂಡಿ ನೂರಿ ನಸ್ತಾಲೀಖ್ ಎಂಬ ಅಕ್ಷರವಿನ್ಯಾಸ ತಂದರು. ಅದನ್ನು ಸಾಮಾನ್ಯ ಕಂಪ್ಯೂಟರಿಗೆ ಇಳಿಸಿದ ದೆಹಲಿಯ ಇನ್‌ಪೇಜ್ ತಂತ್ರಾಂಶ 1994ರಲ್ಲಿ ಬಂತು. ಆಮೇಲೆ ಹೈದರಾಬಾದಿನ ಚತ್ತಾ ಬಜಾರಿನ ಲಗ್ನಪತ್ರಿಕೆ ಅಂಗಡಿಗಳೂ ಕಂಪ್ಯೂಟರಿಗೆ ತಿರುಗಿದವು. ಹೊಸದು ಹಳೆಯದರ ಕೈಬರಹವನ್ನು ಹೊತ್ತು ತಂದ ಕೂಡಲೇ ಜನ ಒಪ್ಪಿಕೊಂಡರು.

ಹೀಗೆ ಹಳೆಯ ಕೈರೂಢಿಗೆ ಅಂಟಿಕೊಳ್ಳುವುದಕ್ಕೆ ಬಲವಾದ ಆಕ್ಷೇಪವೊಂದಿದೆ. ಯೂನಿಕೋಡ್ ಬಂದ ಮೇಲೂ ಇನ್‌ಪೇಜನ್ನೇ ಅಪ್ಪಿಕೊಂಡದ್ದರಿಂದ ಉರ್ದು ಪತ್ರಿಕೆಗಳು ವರ್ಷಗಟ್ಟಲೆ ಪುಟಗಳನ್ನು ಚಿತ್ರವಾಗಿ ಅಂತರಜಾಲಕ್ಕೆ ಏರಿಸಿದವು. ಅವುಗಳಲ್ಲಿ ಒಂದು ಪದ ಹುಡುಕಿದರೂ ಸಿಗದು. ಈ ನಷ್ಟ ನಿಜ. ನುಡಿ ತಂತ್ರಾಂಶದ ಹಳೆಯ ಕಡತಗಳೊಂದಿಗೆ ಗುದ್ದಾಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ತಪ್ಪು ಕೈರೂಢಿಯದಲ್ಲ. ಬರಹವನ್ನು ಇನ್‌ಪೇಜ್ ಮಾತ್ರ ಓದಬಲ್ಲ ರೂಪದಲ್ಲಿ ಕೂಡಿಟ್ಟದ್ದರಲ್ಲಿ ತಪ್ಪಿತ್ತು.

ಈ ವ್ಯತ್ಯಾಸ ಹಿಡಿದುಕೊಂಡು, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಜಗಳವನ್ನು ನೋಡಬೇಕು. 2018ರ ಡಿಸೆಂಬರ್ 6ರಂದು ಬಂದ 5.0 ಆವೃತ್ತಿ, ಬರೆಯುವ ಒಂದೇ ಬಿಳಿಯ ಹಾಳೆಯನ್ನು ತೆಗೆದು, ಪ್ಯಾರಾಕ್ಕೊಂದು ಬ್ಲಾಕು ಕೊಡುವ ಎಡಿಟರನ್ನು ಕೂರಿಸಿತು. ಅದರ ಹೆಸರೂ ಗುಟೆನ್‌ಬರ್ಗ್! 50 ಲಕ್ಷಕ್ಕೂ ಹೆಚ್ಚು ತಾಣಗಳು ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿಕೊಂಡು ಹಳೆಯದರಲ್ಲೇ ಉಳಿದವು. 2021ರ ಕೊನೆಯವರೆಗೆ ಮಾತ್ರ ಬೆಂಬಲ ಎಂದಿದ್ದ ವರ್ಡ್‌ಪ್ರೆಸ್ ಬಳಗ ಆಮೇಲೆ ಆ ಗಡುವನ್ನು ಮುಂದೂಡಿತು. ಬದಲಾವಣೆಗೆ ಹೆದರುವ ಜನ ಎಂದು ಇವರನ್ನು ಹಳಿದವರಿದ್ದಾರೆ. ಆದರೆ ಇನ್‌ಪೇಜ್ ಕಡತಕ್ಕೂ ಇದಕ್ಕೂ ಹೋಲಿಕೆಯಿಲ್ಲ: ಹಳೆಯ ಎಡಿಟರಿನಲ್ಲಿ ಬರೆದದ್ದು ಸಾದಾ ಎಚ್‌ಟಿಎಂಎಲ್ ಆಗಿಯೇ ಡೇಟಾಬೇಸಿನಲ್ಲಿ ಕೂರುತ್ತದೆ, ನಾಳೆ ಹೊಸ ಎಡಿಟರಿನಲ್ಲಿ ತೆರೆದರೂ ತೆರೆದುಕೊಳ್ಳುತ್ತದೆ. ದಿನಕ್ಕೆ ಹತ್ತಾರು ಸುದ್ದಿ ಏರಿಸುವ ಡೆಸ್ಕಿನವರು ಹಳೆಯ ಹಾಳೆಯನ್ನೇ ಇಟ್ಟುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಪ್ಲಗಿನ್ ಅಪ್‌ಡೇಟ್ ನಿಂತ ದಿನ ಬದಲಾಯಿಸಿಕೊಳ್ಳಲು ಅಡ್ಡಿಯೂ ಇಲ್ಲ.