ಭಯಾನಕ ಕಥೆಯೂ ಚರಿತ್ರೆಯೂ: ವಿಜಾಪುರದ ಸಾಠ್ ಕಬರಿನ ಐತಿಹ್ಯ

ಭೀಮಾ ಕೃಷ್ಣಾ ನದಿಗಳ ನಡುವೆ ಹರಡಿಕೊಂಡಿರುವ ವಿಜಾಪುರದ ಸೀಮೆಯು 1490ರಿಂದ 1686ರ ವರೆಗೆ ಆದಿಲಶಾಹಿ ಅರಸರ ಆಳಿಕೆಗೆ ಒಳಪಟ್ಟಿದ್ದಿತು. ಉತ್ತರದಲ್ಲಿ ಭೀಮೆಯ ಕಡೆಯ ಆಲಮೇಲ, ಇಂಡಿಗಳಿಂದ ದಕ್ಷಿಣದಲ್ಲಿ ಕೃಷ್ಣೆಯ ಕಡೆಯ ಮುದ್ದೇಬಿಹಾಳದ ವರೆಗೆ ದಂಡು ತುಳಿಯದ ನೆಲವು ವಿರಳ. ಇಂಥ ನಾಡಿನಲ್ಲಿ ಭಯದ ನೆನಪು ಬಖರು ಶಾಸನಗಳಲ್ಲಿ ಮಾತ್ರವೇ ಉಳಿಯುವುದಿಲ್ಲ. ಊರಿನ ಹೆಸರಿನಲ್ಲಿ, ಬಾವಿಯ ಕಥೆಯಲ್ಲಿ, ಗೋರಿಯ ಲೆಕ್ಕದಲ್ಲಿಯೂ ಉಳಿಯುತ್ತದೆ. 1565ರ ಮಹಾಯುದ್ಧವು ರಕ್ಕಸಗಿ ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರಿನಿಂದ ‘ರಕ್ಕಸತಂಗಡಿ’ಯ ಕಾಳಗವೆನಿಸಿಕೊಂಡಾಗ, ಕೇಳಿದವರ ಕಿವಿಯಲ್ಲಿ ಊರಿನ ಹೆಸರಿಗಿಂತಲೂ ರಕ್ಕಸನ ಹೆಸರೇ ಮುಂದಾಗಿ ನಿಂತಿತು. ಅಂತಹ ನೆನಪುಗಳಲ್ಲಿ ಅತ್ಯಂತ ಘೋರವಾದುದು ವಿಜಾಪುರ ಪಟ್ಟಣದ ಪಶ್ಚಿಮಕ್ಕಿರುವ ‘ಸಾಠ್ ಕಬರ್’, ಎಂದರೆ ಅರುವತ್ತು ಗೋರಿಗಳು, ಎಂಬ ಸ್ಥಳಕ್ಕೆ ಸಂಬಂಧಿಸಿದುದು.

ಐತಿಹ್ಯವು ಚಿಕ್ಕದು. 1659ರಲ್ಲಿ ಎರಡನೆಯ ಅಲಿ ಆದಿಲಶಹನ ಸರದಾರನಾದ ಅಫಜಲಖಾನನು ಶಿವಾಜಿಯ ಮೇಲೆ ದಂಡೆತ್ತಿ ಹೋಗಲು ಸಿದ್ಧನಾದನು. ಜ್ಯೋತಿಷ್ಯರು ಅವನಿಗೆ, ‘ನೀನು ಈ ಯಾತ್ರೆಯಿಂದ ಹಿಂದಿರುಗಲಾರೆ’ ಎಂದು ಭವಿಷ್ಯ ನುಡಿದರು. ತಾನು ಸತ್ತ ಬಳಿಕ ತನ್ನ ಹೆಂಡಂದಿರು ಪರರ ಕೈಸೇರುವರೆಂದು ಅಂಜಿದ ಖಾನನು ಅವರನ್ನು ಒಬ್ಬೊಬ್ಬರನ್ನಾಗಿ ಬಾವಿಗೆ ತಳ್ಳಿಸಿ ಕೊಲ್ಲಿಸಿದನು. ಹೆಣಗಳನ್ನು ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿ ಹೂಳಿಸಿ ಯುದ್ಧಕ್ಕೆ ಹೊರಟನು. ಸತ್ತವರು ಅರುವತ್ತು ಎಂದು ಕೆಲವರು, ಅರುವತ್ತಮೂರು ಎಂದು ಕೆಲವರು, ಅರುವತ್ತನಾಲ್ಕು ಎಂದು ಮತ್ತೆ ಕೆಲವರು ಹೇಳುವರು. ಬರಿದಾಗಿ ಉಳಿದ ಒಂದು ಗುಂಡಿಯನ್ನು ತೋರಿಸಿ, ಒಬ್ಬಳು ತಪ್ಪಿಸಿಕೊಂಡಳೆಂದು ಸೇರಿಸುವವರೂ ಉಂಟು. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸನು ವಿಜಾಪುರದ ಕಟ್ಟಡಗಳನ್ನು ಕುರಿತ ತನ್ನ 1916ರ ಬೃಹದ್ಗ್ರಂಥದಲ್ಲಿ ಈ ಗೋರಿಗಳನ್ನೂ ಈ ಕಥೆಯನ್ನೂ ದಾಖಲೆಮಾಡಿರುವನು.

ಈ ಕಥೆಯನ್ನು ಮೊದಲು ಕಥೆಯಾಗಿಯೇ ನೋಡುವುದು ಉಚಿತ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯವನ್ನು ಸ್ಥಾಯಿಭಾವವಾಗಿ ಉಳ್ಳ ಭಯಾನಕರಸವನ್ನು ವಿವರಿಸುತ್ತ, ಅದಕ್ಕೆ ಕೃಷ್ಣವರ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿರುವನು. ಕನ್ನಡದಲ್ಲಿಯೂ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ರಸಗಳನ್ನು ಗಣಿಸುವಾಗ ಭಯಾನಕಕ್ಕೆ ಅದರ ಸ್ಥಾನವನ್ನು ಕೊಟ್ಟಿದೆ. ಭರತನ ಮತದಂತೆ ಭಯಾನಕವು ಮೂರು ವಿಧ: ವ್ಯಾಜದಿಂದ, ಎಂದರೆ ನಟನೆಯಿಂದ ಹುಟ್ಟಿದುದು, ಅಪರಾಧದಿಂದ ಹುಟ್ಟಿದುದು, ಬೆದರಿಕೆಯಿಂದ ಹುಟ್ಟಿದುದು. ಸಾಠ್ ಕಬರಿನ ಕಥೆಯಲ್ಲಿ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಿವೆ. ಜ್ಯೋತಿಷ್ಯರ ನುಡಿಯು ಖಾನನನ್ನು ಬೆದರಿಸುತ್ತದೆ; ಅವನು ದರಬಾರಿನ ಮುಂದೆ ಧೈರ್ಯವನ್ನು ನಟಿಸುತ್ತಾನೆ; ನಟನೆಯ ಮರೆಯಲ್ಲಿ ಅಪರಾಧವನ್ನು ಮಾಡುತ್ತಾನೆ.

ಆದರೆ ಒಂದು ವಿಷಯದಲ್ಲಿ ಈ ಕಥೆಯು ಶಾಸ್ತ್ರಕ್ಕೆ ಎದುರಾಗಿ ನಿಂತಿದೆ. ಭಯವು ಸ್ತ್ರೀಯರ ಮತ್ತು ನೀಚರ ಪ್ರಕೃತಿಗೆ ಸೇರಿದ ಭಾವವೆಂದು ಭರತನ ಅಭಿಪ್ರಾಯ. ಇಲ್ಲಿ ಅಂಜಿದವನು ದಂಡಿನ ಒಡೆಯ. ಬಾವಿಯ ದಡದಲ್ಲಿ ನಿಂತ ಹೆಂಗಸರ ಭಯವನ್ನು ಕಥೆಯು ವರ್ಣಿಸುವುದೇ ಇಲ್ಲ. ಅವರು ಅತ್ತರೆಂದಾಗಲಿ ಬೇಡಿಕೊಂಡರೆಂದಾಗಲಿ ಒಂದು ಮಾತೂ ಇಲ್ಲ. ಭಯಪಟ್ಟವನು ಒಬ್ಬ, ಅದರ ಫಲವನ್ನು ಉಂಡವರು ಅರುವತ್ತು ಮಂದಿ. ಪಿಶಾಚಿಯಾಗಲಿ ಬೇತಾಳವಾಗಲಿ ಕಾಣಿಸಿಕೊಳ್ಳದ ಈ ಕಥೆಯು ಕೇಳುವವರ ಮೈ ನಡುಗಿಸುವುದಕ್ಕೆ ಇದೇ ಕಾರಣವಾಗಿದೆ. ಭೂತವು ಅಂಜಿಸಿದರೆ ದೀಪ ಹಚ್ಚಬಹುದು. ಬಲಶಾಲಿಯಾದ ಒಡೆಯನೇ ಅಂಜಿದಾಗ ಅವನ ಆಶ್ರಿತರಿಗೆ ಅಡಗಲು ಸ್ಥಳವಿಲ್ಲ.

ಕನ್ನಡದ ಕಥಾಪರಂಪರೆಗೆ ಇಂತಹ ಭಯವು ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ, ಅರಸನಾದ ಯಶೋಧರನು ತಾಯಿಗೆ ಒಂದು ಕೆಟ್ಟ ಕನಸನ್ನು ಹೇಳುತ್ತಾನೆ. ಅಪಶಕುನಕ್ಕೆ ಅಂಜಿದ ತಾಯಿಯು ದೇವಿಗೆ ಬಲಿಕೊಡಬೇಕೆನ್ನುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಕಡಿಯುವರು, ಆ ಹಿಟ್ಟಿನ ಕೋಳಿಯೇ ಕೂಗಿಕೊಳ್ಳುತ್ತದೆ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಅನೇಕ ಜನ್ಮಗಳಲ್ಲಿ ತೊಳಲುವರು. ಶಕುನದ ಭಯವು ಹಿಂಸೆಯಾಗಿ ಪರಿಣಮಿಸುವ ಕ್ರಮವು ಎರಡು ಕಥೆಗಳಲ್ಲಿಯೂ ಒಂದೇ. ಭೇದವಿಷ್ಟು: ಜನ್ನನ ಕಾವ್ಯದಲ್ಲಿ ಚಂಡಮಾರಿಯ ಗುಡಿಯಲ್ಲಿ ಬಲಿಗೆ ನಿಂತ ಮಕ್ಕಳಿಬ್ಬರ ಹೆಸರು ಅಭಯರುಚಿ, ಅಭಯಮತಿ, ಅವರು ಬಾಯಿಬಿಟ್ಟು ತಮ್ಮ ಕಥೆಯನ್ನು ಹೇಳುವರು, ಕೇಳಿದ ಮಾರಿದತ್ತನ ಕೈಯ ಖಡ್ಗವು ನಿಲ್ಲುವುದು. ವಿಜಾಪುರದ ಕಥೆಯಲ್ಲಿ ಬಲಿಯಾಗುವವರಿಗೆ ಹೆಸರಿಲ್ಲ, ಮಾತಿಲ್ಲ. ಆದುದರಿಂದ ಖಡ್ಗವು ನಿಲ್ಲುವುದಿಲ್ಲ.

ಇನ್ನು ಚರಿತ್ರೆಯ ಮಾತು. ಅಫಜಲಖಾನನು ಆದಿಲಶಾಹಿಯ ಹೆಸರಾಂತ ಸೇನಾಪತಿಗಳಲ್ಲಿ ಒಬ್ಬನು. ರಣದುಲ್ಲಾಖಾನನ ಕರ್ನಾಟಕ ದಂಡಯಾತ್ರೆಯಲ್ಲಿ ಭಾಗವಹಿಸಿ, ಶಿರೆಯ ಕಸ್ತೂರಿರಂಗನಾಯಕನನ್ನು ಸಂಧಾನಕ್ಕೆಂದು ಕರೆಸಿ ಕೊಲ್ಲಿಸಿದನೆಂಬ ಅಪಕೀರ್ತಿಯನ್ನು ಹೊತ್ತವನು. ಮುಂದೆ ವಾಯಿ ಪ್ರಾಂತದ ಅಧಿಕಾರಿಯಾದವನು. 1659ರ ದಂಡಯಾತ್ರೆಯ ಬಗ್ಗೆ ಅದೇ ವರ್ಷದ ಡಿಸೆಂಬರಿನಲ್ಲಿ ರಾಜಾಪುರದ ಇಂಗ್ಲಿಷ್ ವರ್ತಕ ರೆವಿಂಗ್ಟನನು ಬರೆದ ಕಾಗದವೊಂದು ಉಳಿದಿದೆ. ರಾಣಿಯು ಖಾನನನ್ನು 10,000 ಕುದುರೆ ಕಾಲಾಳುಗಳೊಡನೆ ಕಳುಹಿಸಿದಳೆಂದೂ, ಅಷ್ಟು ಬಲದಿಂದ ಶಿವಾಜಿಯನ್ನು ಎದುರಿಸಲಾಗದೆಂದು ತಿಳಿದು ಸ್ನೇಹವನ್ನು ನಟಿಸುವಂತೆ ಅವನಿಗೆ ಸಲಹೆಯಿತ್ತಳೆಂದೂ ಅದರಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಬರೆದ ಸಭಾಸದನ ಬಖರಿನಲ್ಲಾದರೋ ಖಾನನು ಕುದುರೆಯಿಂದ ಇಳಿಯದೆಯೇ ಶಿವಾಜಿಯನ್ನು ಹಿಡಿದು ತರುವೆನೆಂದು ದರಬಾರಿನಲ್ಲಿ ಬಡಾಯಿ ಕೊಚ್ಚುತ್ತಾನೆ. ಬಖರಿನ ಬಡಾಯಿಯನ್ನೂ ಕಾಗದದ ಶಂಕೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹೊರಗಿನ ಧೈರ್ಯ ಒಳಗಿನ ಭಯವೆಂಬ ಕಥೆಯ ಎರಡು ಮುಖಗಳಿಗೂ ಆ ಕಾಲದ ವಾತಾವರಣದಲ್ಲಿ ಆಧಾರವಿದ್ದುದು ಕಂಡುಬರುತ್ತದೆ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಖಾನನು ಹತನಾದನು.

ಜ್ಯೋತಿಷ್ಯದ ಮಾತಿಗೆ ಸಾಮಾನ್ಯವಾಗಿ ತೋರಿಸುವ ಸಾಕ್ಷ್ಯವೆಂದರೆ ಖಾನನ ಸ್ವಂತ ಗುಮ್ಮಟ. ವಿಜಾಪುರದ ಪಶ್ಚಿಮಕ್ಕೆ ಅವನು ಬದುಕಿರುವಾಗಲೇ ತನಗೆಂದು ಕಟ್ಟಿಸತೊಡಗಿದ ಸಮಾಧಿಯೂ ಅದರ ಪಕ್ಕದಲ್ಲಿ ಮಸೀದಿಯೂ ಇವೆ. ಸಮಾಧಿಯ ಕಟ್ಟಡವು ಪೂರ್ತಿಯಾಗಲಿಲ್ಲ. ಖಾನನ ದೇಹವು ಪ್ರತಾಪಗಡದ ಬಳಿಯಲ್ಲಿಯೇ ಮಣ್ಣಾದುದರಿಂದ ಅದು ಬರಿದಾಗಿಯೇ ಉಳಿಯಿತು. ಸಾವನ್ನು ಮುಂದಾಗಿ ತಿಳಿದವನಲ್ಲದೆ ಮತ್ತಾರು ತನ್ನ ಗೋರಿಯನ್ನು ತಾನೇ ಕಟ್ಟಿಸಿಕೊಂಡಾನು ಎಂದು ಜನರು ಕೇಳುವುದುಂಟು. ಈ ತರ್ಕವು ನಿಲ್ಲಲಾರದು. ಬದುಕಿರುವಾಗಲೇ ಸಮಾಧಿಯನ್ನು ಕಟ್ಟಿಸುವುದು ವಿಜಾಪುರದ ದೊಡ್ಡವರಲ್ಲಿ ರೂಢಿಯಾಗಿದ್ದಿತು. ಮಹಮ್ಮದ ಆದಿಲಶಹನು ಗೋಳಗುಮ್ಮಟವನ್ನು ಕಟ್ಟಿಸತೊಡಗಿದುದು ತನ್ನ ಜೀವಿತಕಾಲದಲ್ಲಿಯೇ. 1672ರಲ್ಲಿ ತೀರಿಕೊಂಡ ಎರಡನೆಯ ಅಲಿಯ ಸಮಾಧಿಯು ಅರ್ಧಕ್ಕೇ ನಿಂತು ಬಾರಾಕಮಾನೆಂಬ ಹೆಸರು ಪಡೆಯಿತು. ಅವರಿಗೆ ಯಾವ ಜ್ಯೋತಿಷ್ಯನೂ ಭವಿಷ್ಯ ನುಡಿದಂತೆ ಕಥೆ ಹುಟ್ಟಲಿಲ್ಲ. ಮಿಗಿಲಾಗಿ, ನಿಜವಾದ ಭವಿಷ್ಯವಾಣಿಗಳೆಲ್ಲವೂ ಫಲಿಸಿದ ಮೇಲೆಯೇ ಪ್ರಸಿದ್ಧಿಗೆ ಬರುತ್ತವೆ. ಖಾನನು ಜಯಶಾಲಿಯಾಗಿ ಹಿಂದಿರುಗಿದ್ದರೆ ಜ್ಯೋತಿಷ್ಯರ ಮಾತನ್ನು ಯಾರೂ ನೆನಪಿನಲ್ಲಿ ಇಡುತ್ತಿರಲಿಲ್ಲ. ಆದುದರಿಂದ ಕಥೆಯ ಈ ಭಾಗವು 1659ರ ನವೆಂಬರಿನ ತರುವಾಯ ಬೆಳೆದುದೆಂದು ಊಹಿಸಲು ಅಡ್ಡಿಯಿಲ್ಲ.

ಜ್ಯೋತಿಷ್ಯವು ಬಿದ್ದುಹೋದರೆ ಕೊಲೆಯೂ ಬಿದ್ದುಹೋಗುವುದೋ? ಇಲ್ಲಿ ಆತುರವು ಸಲ್ಲದು. 1672ರಿಂದ 1674ರ ವರೆಗಿನ ಅವಧಿಯಲ್ಲಿ ದಖ್ಖನಿನಲ್ಲಿ ಸಂಚರಿಸಿದ ಫ್ರೆಂಚ್ ಪಾದ್ರಿ ಕಾರೆಯು 1699ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಈ ಸರದಾರನು ಯುದ್ಧಕ್ಕೆ ಹೊರಡುವ ಮುನ್ನ ಅಂತಃಪುರದ ಹೆಂಗಸರನ್ನು ಕೊಲ್ಲಿಸಿದನೆಂಬ ವೃತ್ತಾಂತವನ್ನು ಬರೆದಿರುವನು. ಅವನು ಹೇಳುವ ಸಂಖ್ಯೆ ಇನ್ನೂರು, ಕಾರಣವು ಮತ್ಸರ. ಪಾದ್ರಿಯು ಕಣ್ಣಾರೆ ಕಂಡವನಲ್ಲ, ಕೇಳಿದವನು. ಸಂಖ್ಯೆಯಲ್ಲಿ ಅತಿಶಯೋಕ್ತಿಯೂ ತೋರುತ್ತದೆ. ಆದರೂ ಘಟನೆ ನಡೆದುದೆಂದು ಹೇಳುವ ಕಾಲಕ್ಕೆ ಹದಿನೈದು ವರ್ಷಗಳೊಳಗೆ ಈ ಸುದ್ದಿಯು ನಾಡಿನಲ್ಲಿ ಹರಡಿದ್ದಿತೆಂಬುದಕ್ಕೆ ಇದು ಸಾಕ್ಷಿ. ಸಾಠ್ ಕಬರಿನ ಕಥೆಯು ಇತ್ತೀಚಿನ ಮಾರ್ಗದರ್ಶಕರು ಹೊಸೆದ ಕಟ್ಟುಕಥೆಯಲ್ಲ.

ಗೋರಿಗಳ ಸಾಕ್ಷ್ಯವೂ ಗಮನಾರ್ಹವಾದುದು. ಅವು ಒಂದೇ ಕಟ್ಟೆಯ ಮೇಲೆ, ಒಂದೇ ಅಳತೆಯಲ್ಲಿ, ಸಮಾನವಾದ ಅಂತರದಲ್ಲಿ ಸಾಲುಗಟ್ಟಿವೆ. ಮೇಲ್ಭಾಗವು ಚಪ್ಪಟೆಯಾಗಿರುವುದರಿಂದ ಹೆಂಗಸರ ಗೋರಿಗಳೆಂದು ಗುರುತಿಸಲ್ಪಟ್ಟಿವೆ. ಒಂದು ಮನೆತನದ ಹೆಂಗಸರು ಕಾಲಕಾಲಕ್ಕೆ ಸತ್ತಂತೆ ಹೂಳಿದ ಸ್ಮಶಾನವಾಗಿದ್ದರೆ, ವಯಸ್ಸು ಅಂತಸ್ತುಗಳ ಭೇದದಿಂದ ಗೋರಿಗಳ ಆಕಾರದಲ್ಲಿಯೂ ಸ್ವಲ್ಪವಾದರೂ ಭೇದವಿರಬೇಕಾಗಿತ್ತು. ಇಷ್ಟೊಂದು ಸಮಾನತೆಯು ಇವೆಲ್ಲವೂ ಒಂದೇ ಯೋಜನೆಯಿಂದ ಆದುವೆಂದು ಸೂಚಿಸುತ್ತದೆ. ಆದರೆ ಯೋಜನೆ ಒಂದೇ ಎಂದಮಾತ್ರಕ್ಕೆ ಸಾವೂ ಒಂದೇ ದಿನದ್ದೆಂದು ಸಿದ್ಧವಾಗದು. ಸಾಂಕ್ರಾಮಿಕ ರೋಗವೂ ಹೆಣಗಳನ್ನು ಸಾಲಾಗಿ ಮಲಗಿಸಬಲ್ಲುದು. ಕಲ್ಲುಗಳು ಕಥೆಯನ್ನು ಅಲ್ಲಗಳೆಯುವುದಿಲ್ಲ, ಸಾಧಿಸುವುದೂ ಇಲ್ಲ. ಅರುವತ್ತು, ಅರುವತ್ತನಾಲ್ಕು ಎಂಬ ಸಂಖ್ಯೆಗಳು ಜನಪದದ ಬಾಯಿಗೆ ಒಗ್ಗಿದ ಪೂರ್ಣಸಂಖ್ಯೆಗಳೆಂಬುದನ್ನೂ ಇಲ್ಲಿ ನೆನೆಯಬೇಕು.

ಮೇಲಿನ ವಿಮರ್ಶೆಯಿಂದ ಏರ್ಪಡುವ ಅಭಿಪ್ರಾಯವಿದು. ಹೆಂಗಸರ ಗೋರಿಗಳು ಇರುವುದು ನಿಜ. ಸರದಾರನೊಬ್ಬನು ತನ್ನ ಹೆಂಡಂದಿರನ್ನು ಕೊಲ್ಲಿಸಿದನೆಂಬ ವದಂತಿಯು ಆ ಕಾಲಕ್ಕೆ ಹತ್ತಿರದಲ್ಲಿಯೇ ಹುಟ್ಟಿದುದು ನಿಜ. ಜ್ಯೋತಿಷ್ಯವು ಆ ವದಂತಿಗೆ ಆಮೇಲೆ ಸೇರಿದ ಅಲಂಕಾರ. ಈ ಅಲಂಕಾರವು ನಿರಪಾಯವಾದುದೂ ಅಲ್ಲ. ಕಾರೆಯ ಬರಹದಲ್ಲಿ ಕೊಲೆಗೆ ಕಾರಣವು ಗಂಡಸಿನ ಮತ್ಸರವೆಂದು ನೇರವಾಗಿ ಇದೆ. ಐತಿಹ್ಯದಲ್ಲಿ ಅದರ ಸ್ಥಾನಕ್ಕೆ ವಿಧಿಯು ಬಂದಿದೆ. ವಿಧಿಯು ಬಂದೊಡನೆ ಖಾನನು ಅರ್ಧ ನಿರಪರಾಧಿಯಾಗುತ್ತಾನೆ. ಕೇಳುವವರು ಗ್ರಹಗತಿಗೆ ಅಂಜಿ ನಿಟ್ಟುಸಿರುಬಿಡುವರೇ ಹೊರತು, ಬಾವಿಗೆ ತಳ್ಳಿದ ಕೈ ಯಾರದೆಂದು ಕೇಳುವುದಿಲ್ಲ. ಭಯಾನಕ ಕಥೆಯು ಅಪರಾಧವನ್ನು ನೆನಪಿನಲ್ಲಿ ಇರಿಸುವಂತೆಯೇ ಅಪರಾಧಿಯನ್ನು ಮರೆಮಾಡಲೂ ಬಲ್ಲುದೆಂಬುದಕ್ಕೆ ಸಾಠ್ ಕಬರು ಒಂದು ನಿದರ್ಶನ.

ಖಾನನ ಮರಣ, ಸೇನೆಯ ಲೆಕ್ಕ, ಅವನಾಡಿದನೆಂಬ ಮಾತು, ಅವನ ಬರಿದಾದ ಗುಮ್ಮಟ, ಇವೆಲ್ಲವೂ ಗ್ರಂಥಗಳಲ್ಲಿ ಇವೆ. ಕಟ್ಟೆಯ ಮೇಲೆ ಮಲಗಿರುವವರಲ್ಲಿ ಒಬ್ಬಳ ಹೆಸರನ್ನೂ ಐತಿಹ್ಯವು ಹೇಳುವುದಿಲ್ಲ. ತಪ್ಪಿಸಿಕೊಂಡವಳೆನ್ನುವ ಆ ಒಬ್ಬಳೂ ಯಾವ ಊರಿಗೆ ಹೋದಳೆಂದು ಯಾರೂ ಹೇಳರು. ಅವಳ ಪಾಲಿಗೆ ತೋಡಿದ ಗುಂಡಿಯನ್ನು ಮಾತ್ರ ತೋರಿಸುವರು.